ಇಂಚರಾಳ ಫಲಕ

ಯೂನಿಫಾರಂಗೆ ಇಸ್ತ್ರಿ ಹಾಕುತ್ತಿದ್ದ ರೂಪಶ್ರೀಯ ಕೈ ಅಲ್ಲೇ ನಿಂತಿತು. ಒಂಬತ್ತು ವರ್ಷದ ಮಗಳು ಇಂಚರಾ ಒಂದು ರಟ್ಟಿನ ಫಲಕ ಹಿಡಿದು ಎದುರಿಗೆ ಬಂದಿದ್ದಳು. ಕಣ್ಣು ಮುಚ್ಚಿದ ಪುಟ್ಟ ಕೂಸಿನ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ನನ್ನನ್ನು ಹುಟ್ಟಲು ಬಿಡಿ’.

“ಏನೇ ಇದು, ಪುಟ್ಟಿ?”

“ಸ್ಕೂಲ್ ಮಾರ್ಚ್, ಮಮ್ಮಿ. ಅಬಾರ್ಷನ್ ಈಸ್ ರಾಂಗ್. ಹೋಲ್ ಕ್ಲಾಸ್ ಈಸ್ ವಾಕಿಂಗ್ ಟು ಪಂಗಾನಿ ಏರಿಯಾ.”

ರೂಪಶ್ರೀ ಗಂಡನ ಕಡೆ ತಿರುಗಿದಳು. “ರೀ, ಇಲ್ಲಿ ನೋಡಿ. ಇಷ್ಟು ಚಿಕ್ಕ ಮಕ್ಕಳ ಕೈಗೆ ಇದನ್ನ ಕೊಡೋದಾ? ನಾನಂತೂ ಕಳಿಸಲ್ಲ.”

“ಎಲ್ಲರ ಜೊತೆ ನಡ್ಕೊಂಡು ಬರ್ತಾಳೆ ಬಿಡೆ,” ಎಂದ ವಿಕ್ರಮ್, ಶೂ ಲೇಸ್ ಕಟ್ಟುತ್ತ. “ಅವಳಿಗೇನು ಅರ್ಥ ಆಗುತ್ತೆ?”

ಹೋದ ವರ್ಷವೂ ಅವನು ಹಾಗೇ ಅಂದಿದ್ದ. ಹೊಟ್ಟೆಯಲ್ಲಿದ್ದ ಎರಡನೆಯ ಮಗುವಿನ ಹೃದಯ ಸರಿಯಿಲ್ಲವೆಂದು ಡಾಕ್ಟರು ಹೇಳಿದಾಗ, ತೆಗೆಸುವುದೋ ಬೇಡವೋ ಎಂದು ಗಂಡ ಹೆಂಡತಿ ವಾರಗಟ್ಟಲೆ ಮಾತಾಡಿದ್ದು ಊಟದ ಮೇಜಿನಲ್ಲೇ, ಮಗಳ ಎದುರಿಗೇ, ಕನ್ನಡದಲ್ಲಿ; ಕೊನೆಗೆ ತೆಗೆಸಿದ್ದರು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿಗೆ ಇದೆಲ್ಲ ತಿಳಿಯದೆಂದು ಅವರು ನಂಬಿದ್ದರು.

ಈಗ ಮಗಳ ಕಣ್ಣು ತನ್ನ ಹೊಟ್ಟೆಯ ಮೇಲೆಯೇ ನೆಟ್ಟಿರುವುದು ರೂಪಶ್ರೀಗೆ ಕಂಡಿತು. ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಮಂಡಿಯೂರಿ, ಮಗಳ ಭುಜ ಹಿಡಿದಳು. ‘ಕೊಲೆ’ ಎಂಬ ಮಾತು ಈಗ ಮಗಳ ಬಾಯಿಂದ ಬರುತ್ತದೆ ಎಂದುಕೊಂಡಳು.

ಇಂಚರಾ ತಡೆತಡೆದು, ಒಂದೊಂದೇ ಪದ ಹುಡುಕಿ, ಕನ್ನಡದಲ್ಲೇ ಕೇಳಿದಳು:

“ಅಮ್ಮಾ, ಆ ಪಾಪು ಥರ... ನನ್ನನ್ನೂ ತೆಗೆಸೋಣ ಅಂದ್ಕೊಂಡಿದ್ರಾ?”