ಅವ್ವ ಹೆಣೆದ ಜಡೆ

ಏಲಕ್ಕಿ ಸುಲಿದಾಗಲೆಲ್ಲ ಯಾರೋ ಹಿಂದಿನಿಂದ ಜಡೆ ಎಳೆದಂತಾಗಿ ಇಂದಿಗೂ ನನ್ನ ತಲೆ ಹಿಂದಕ್ಕೆ ವಾಲುತ್ತದೆ.

ಅಪ್ಪ, ಅವ್ವ ಬೆಟ್ಟದ ಮೇಲಿನ ಏಲಕ್ಕಿ ತೋಟದಲ್ಲಿ ದುಡಿಯುತ್ತಿದ್ದರು. ನಾನು ಕೆಳಗೆ ಬೆಟ್ಟದ ಬುಡದ ತೇವಾರಂ ಊರಿನಲ್ಲಿ, ಅವ್ವನ ತವರಿನಲ್ಲಿ, ಅಜ್ಜಿಯ ಹತ್ತಿರ ಬೆಳೆದೆ. ದಿನವೂ ಎಣ್ಣೆ ಹಚ್ಚಿ, ಕಣ್ಣು ಮೇಲೇರುವಷ್ಟು ಬಿಗಿಯಾಗಿ ಜಡೆ ಹೆಣೆಯುತ್ತಿದ್ದ ಅಜ್ಜಿ, ಅವ್ವ ಬರಲಿದ್ದ ದಿನ ಬಾಚಣಿಗೆಯನ್ನೇ ಮುಟ್ಟಲಿಲ್ಲ. "ಹೋಗು ಕಣ್ಣು, ನಂಗೆ ಕೆಲಸ ಅದೆ," ಎಂದು ಮುದ್ದಿನ ಹೆಸರಿನಲ್ಲೇ ಗದರಿದಳು. ನಾನೇನು ತಪ್ಪು ಮಾಡಿದೆನೋ ಎಂದು ಅಳುತ್ತಾ ಕೂತೆ.

ಮಧ್ಯಾಹ್ನ ಜೀಪಿನಿಂದ ಇಳಿದ ಅವ್ವ ನನ್ನನ್ನು ನೋಡಿ ಸಿಡುಕಿದಳು. "ಏನವ್ವಾ, ಹುಡುಗಿ ತಲೆನ ಹಿಂಗಾ ಬಿಡೋದು?"

"ನಂಗೆ ಕೈನೋವು. ನೀನೇ ಬಾಚು," ಎಂದಳು ಅಜ್ಜಿ, ಒರಳಿನಲ್ಲಿ ಹಿಟ್ಟು ರುಬ್ಬುತ್ತಾ.

ಜಗಲಿಯಲ್ಲಿ ಅವ್ವನ ಮೊಣಕಾಲುಗಳ ನಡುವೆ ಕೂತೆ. ಒಂದೊಂದೇ ಸಿಕ್ಕು ಬಿಡಿಸುತ್ತಾ ಅವಳು ನನ್ನ ಶಾಲೆ, ಗೆಳತಿಯರು, ಬಿದ್ದ ಹಲ್ಲು ಎಲ್ಲವನ್ನೂ ವಿಚಾರಿಸಿದಳು. ಅವಳ ಬೆರಳುಗಳಿಂದ ಏಲಕ್ಕಿಯ ಘಮ ಬರುತ್ತಿತ್ತು. ಜಡೆ ಮುಗಿಯುವಷ್ಟರಲ್ಲಿ ಬಿಸಿಲು ಇಳಿದು, ವಾಪಸು ಹೋಗುವ ಜೀಪು ಬಂದಿತ್ತು.

ಮರುದಿನ ಜಡೆ ಸಡಿಲವಾಗಿ ಕೂದಲು ಕೆದರಿತ್ತು. ಎಣ್ಣೆ ಬಟ್ಟಲು ಹಿಡಿದು ಬಂದ ಅಜ್ಜಿ ಜಡೆಯನ್ನು ಮೂಗಿನ ಹತ್ತಿರ ಹಿಡಿದು ಏಲಕ್ಕಿಯ ಘಮ ಎಳೆದುಕೊಂಡಳು. ಆಮೇಲೆ ರಿಬ್ಬನ್ ಮಾತ್ರ ಬಿಗಿ ಮಾಡಿದಳು.

"ಇನ್ನೂ ಚೆಂದಾಗೇ ಅದೆ ಕಣ್ಣು. ನಾಳೆ ಬಿಚ್ಚೋಣ."