ಕುಂಕುಮವಿಟ್ಟ ರೆಕಾರ್ಡು

ಹಳೆಯ ಪಾಪ್ ರೆಕಾರ್ಡಿನ ಲೇಬಲ್ ಮೇಲೆ ಕುಂಕುಮದ ಬೊಟ್ಟು ಕಂಡು ವತ್ಸಲಮ್ಮನವರ ಕೈ ಅಲ್ಲೇ ನಿಂತಿತು.

“ಇಲ್ಲೇ ನ್ಗಾರಾ ಪೇಟೆಯ ಹಳೇ ಸಾಮಾನಿನ ಅಂಗಡೀಲಿ ಸಿಕ್ತು ಆಂಟಿ,” ಎಂದ ಹರ್ಷ. ಅವನಿಗೆ ಇಂಥ ಪುಟ್ಟ ರೆಕಾರ್ಡುಗಳನ್ನು ಕೂಡಿಡುವ ಹುಚ್ಚು. ಒಂದೊಂದರ ಹಿಂದಿನ ಕಥೆಯನ್ನೂ ಕೇಳಿ ಬರೆದಿಡುತ್ತಾನೆ. “ಸ್ವಾಹಿಲಿ ಹಾಡಿಗೆ ಕುಂಕುಮ ಇಟ್ಟೋರು ಯಾರಿರಬಹುದು ಹೇಳಿ?”

“ನಾನೇ ಕಣಪ್ಪ. ಆಯುಧಪೂಜೆ ದಿನ ಎಲ್ಲಾ ರೆಕಾರ್ಡಿಗೂ ಇಟ್ಟಿದ್ದೆ. ‘ಇನ್ಮೇಲೆ ಇವು ಮಂಗಳಾರತಿ ಹಾಡ್ತಾವಾ?’ ಅಂತ ನಕ್ಕು, ನಮ್ಮೆಜಮಾನ್ರು ‘ಎಲ್ಲಾ ಒರೆಸಿಬಿಟ್ಟೆ’ ಅಂದ್ರು. ಆವತ್ತಿಂದ ನಾನು ಅವನ್ನ ಮುಟ್ಟಲಿಲ್ಲ. ಅವರು ಹೋದ್ಮೇಲೆ ರೆಕಾರ್ಡಿನ ಪೆಟ್ಟಿಗೇನ ತೆಗೆದೂ ನೋಡದೆ ಅಂಗಡಿಗೆ ಕೊಟ್ಟುಬಿಟ್ಟೆ.”

ಹೇಳುತ್ತಲೇ ಉಂಗುರಬೆರಳಿನಿಂದ ಬೊಟ್ಟನ್ನು ಸವರಿದರು. ಬಣ್ಣ ಬೆರಳಿಗೆ ಹತ್ತಲಿಲ್ಲ. ಹರ್ಷ ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಬೊಟ್ಟಿನ ಮೇಲೆ, ದುಂಡಗೆ ಕತ್ತರಿಸಿದ ಸೆಲ್ಲೋಟೇಪಿನ ತುಣುಕೊಂದು ಚೂರೂ ಸುಕ್ಕಿಲ್ಲದಂತೆ ಅಂಟಿಕೊಂಡಿತ್ತು.

“ಅಳಿಸಬಾರದೂಂತ ಅಂಕಲ್ಲೇ ಟೇಪು ಅಂಟಿಸಿದ್ದಾರೆ ಆಂಟಿ!”

ವತ್ಸಲಮ್ಮ ಟೇಪಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ಎದ್ದು ಚಪ್ಪಲಿ ಹುಡುಕತೊಡಗಿದರು.

“ಆ ಪೆಟ್ಟಿಗೇಲಿ ಇನ್ನೂ ನಲವತ್ತಿದ್ವು ಕಣಪ್ಪ. ಅಂಗಡಿ ಎಷ್ಟೊತ್ತಿಗೆ ಮುಚ್ಚುತ್ತೆ?”