ಸಾಕ್ಷಿಯ ಸಾಲು

"ಇಲ್ಲ ಇಲ್ಲ, ನೀವು ಇಲ್ಲಿ ಸಹಿ ಹಾಕೋ ಹಾಗಿಲ್ಲ," ಎಂದು ನೋಟರಿಯಮ್ಮ ಒಪ್ಪಿಗೆ ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಕನ್ನಡಕದಂಗಡಿಯವನು ಹಿಡಿದಿದ್ದ ಪೆನ್ನು ಹಾಗೇ ನಿಂತುಬಿಟ್ಟಿತು. "ತಂದೆ ಅಂದ್ರೆ ಬರ್ತ್ ಸರ್ಟಿಫಿಕೇಟಲ್ಲಿ ಇರೋ ತಂದೆ. ಇದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ?"

ಪಕ್ಕದಲ್ಲಿದ್ದ ಹೆಂಡತಿ ಗಡಿಬಿಡಿಯಿಂದ ಚೀಲಕ್ಕೆ ಕೈಹಾಕಿ ಒಂದು ಲಕೋಟೆ ತೆಗೆದಳು. "ಇವಳ ತಂದೆಯವರ ಒಪ್ಪಿಗೆ ಬೇರೆಯಾಗಿ ಬಂದಿದೆ ಮೇಡಂ. ಅವರಿರೋ ಊರಲ್ಲೇ ನೋಟರಿ ಮಾಡಿಸಿ ಕಳಿಸಿದಾರೆ. ಮನೇಲಿ ಇವಳಿಗೆ ಅಪ್ಪ ಅಂದ್ರೆ ಇವರೇ ನೋಡಿ, ಅದಕ್ಕೆ ಇವರೂ ಹಾಕ್ಬೇಕೇನೋ ಅಂತ..." ಹನ್ನೊಂದು ವರ್ಷದ ಮಗಳು ಮೇಜಿನ ಮೇಲೆ ಬಗ್ಗಿ ಲಕೋಟೆಯೊಳಗಿನ ಸಹಿಯನ್ನೇ ನೋಡತೊಡಗಿದಳು. ಹುಟ್ಟುಹಬ್ಬಕ್ಕೊಮ್ಮೆ ಫೋನ್ ಮಾಡುವ ಆ ಮನುಷ್ಯನ ಕೈಬರಹವನ್ನು ಅವಳು ಕಂಡದ್ದು ಇದೇ ಮೊದಲು.

"ನನ್ನಿಂದ ನಿಮಗೆಲ್ಲ ಎಷ್ಟು ಓಡಾಟ," ಎಂದು ಕೊನೆಯ ಕುರ್ಚಿಯಲ್ಲಿದ್ದ ಹೆಂಗಸು ಪೇಚಾಡಿಕೊಂಡಳು. ಅವಳು ಹುಡುಗಿಯ ಗೆಳತಿಯ ಅಮ್ಮ. ರಜೆಯಲ್ಲಿ ಕ್ರೂಸ್ ಹಡಗಿನಲ್ಲಿ ಹೋಗೋಣವೆಂದರೆ ಅವಳ ಮಗಳು, "ಚಿನಕುರಳಿ ಬರದಿದ್ರೆ ನಾನೂ ಬರಲ್ಲ," ಎಂದು ಹಟ ಹಿಡಿದಿದ್ದಳು. ಗೆಳತಿಯರ ನಡುವೆ ಈ ಹುಡುಗಿಗೆ ಅದೇ ಹೆಸರು. ಸರಿ, ಇಬ್ಬರನ್ನೂ ಕರೆದುಕೊಂಡು ಹೋದರಾಯಿತು ಎಂದುಕೊಂಡಾಗ ಹಡಗಿನ ಕಂಪನಿಯವರು ಹೇಳಿದ್ದರು: ಬೇರೆಯವರ ಮಗುವಾದರೆ ಪಾಸ್‌ಪೋರ್ಟ್ ಒಂದೇ ಸಾಲದು, ಹೆತ್ತವರಿಬ್ಬರ ಒಪ್ಪಿಗೆಯೂ ಬೇಕು, ಕಾಯಿಲೆ ಬಿದ್ದರೆ ಡಾಕ್ಟರಿಗೆ ತೋರಿಸಲು ಅನುಮತಿಯೂ ಬೇಕು.

ಕನ್ನಡಕದಂಗಡಿಯವನು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸೇರಿಸಿದ. "ಅದೇನು ಪರವಾಗಿಲ್ಲ ಬಿಡಿ ಮೇಡಂ, ಕಾನೂನು ಅಂದಮೇಲೆ ಕಾನೂನು," ಎಂದು ನಗಲು ನೋಡಿದ. ನಗು ಬರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಂಗಡಿಗೆ ಬೀಗ ಹಾಕಿ ಬಂದದ್ದು ಈಗ ಅವನಿಗೇ ನಾಚಿಕೆಯೆನಿಸಿತು. ಚಿಕ್ಕವಳಿದ್ದಾಗ ಈ ಹುಡುಗಿ ಏನು ಮಾಡಿದರೂ ಮಲಗುತ್ತಿರಲಿಲ್ಲ. ಲೆನ್ಸಿನ ಅಂಚು ತಿಕ್ಕುವ ಯಂತ್ರ ಗುರ್‌ರೆಂದರೆ ಮಾತ್ರ ನಿದ್ದೆ ಹೋಗುತ್ತಿದ್ದಳು. ಅವಳನ್ನು ಒಂದು ತೋಳಿನಲ್ಲಿ ಒರಗಿಸಿಕೊಂಡು, ಇನ್ನೊಂದು ಕೈಯಲ್ಲಿ ಗಾಜು ತಿಕ್ಕಿ, ಗಿರಾಕಿಗಳಿಂದ ಬೈಸಿಕೊಂಡವನು ಅವನು. ಅದಕ್ಕೆಲ್ಲ ಯಾವ ಸರ್ಟಿಫಿಕೇಟಿನಲ್ಲಿ ಜಾಗವಿದೆ?

ನೋಟರಿಯಮ್ಮ ಮುಂದಿನ ಹಾಳೆಗೆ ಬಂದಿದ್ದರು. "ಚಿಕಿತ್ಸೆಗೆ ಅನುಮತಿ. ತಾಯಿ, ಹೇಳಿ. ಹುಡುಗಿಗೆ ಯಾವುದಾದ್ರೂ ಔಷಧಿ ಒಗ್ಗಲ್ವಾ?"

ಹೆಂಡತಿ ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿಬಿಟ್ಟಿದ್ದ. "ಆ ಕೆಂಪು ಕೆಮ್ಮಿನ ಸಿರಪ್ ಬೇಡವೇ ಬೇಡ ಮೇಡಂ, ಮೈಯೆಲ್ಲ ದದ್ದು ಏಳತ್ತೆ. ಮಾತ್ರೆ ನುಂಗೋಕೆ ಬರಲ್ಲ, ಪುಡಿ ಮಾಡಿ ಕೊಡ್ಬೇಕು. ಮತ್ತೆ ಬಸ್ಸಲ್ಲಿ ಹಿಂದಿನ ಸೀಟಾದ್ರೆ ವಾಂತಿ ಮಾಡ್ಕೋತಾಳೆ. ಹಡಗಲ್ಲಿ ಹಿಂದೆ ಮುಂದೆ ಹೇಗೋ ಏನೋ..."

"ಅಪ್ಪಾ! ವಾಂತಿ ವಿಷಯ ಯಾಕೆ ಹೇಳ್ತೀಯಾ?" ಹುಡುಗಿ ಕಿವಿಯವರೆಗೂ ಕೆಂಪಾದಳು. ಗೆಳತಿಯ ಅಮ್ಮ ಮಾತ್ರ ಒಂದೂ ಬಿಡದೆ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ನೋಟರಿಯಮ್ಮ ಅವನನ್ನೊಮ್ಮೆ ದಿಟ್ಟಿಸಿ ನೋಡಿ, ಹೆಂಡತಿಯ ಕಡೆ ಪತ್ರ ಸರಿಸಿದರು. ಅವಳು ಸಹಿ ಹಾಕಿದಳು.

"ಆಯ್ತು. ಇನ್ನು ಒಬ್ಬರು ಸಾಕ್ಷಿ ಬೇಕು. ಹೊರಗೆ ನಮ್ಮ ಟೈಪಿಸ್ಟ್ ಇದಾನೆ, ಕರೀತೀನಿ."

"ಅವರಿಗೆ ನಾನು ಗೊತ್ತೇ ಇಲ್ವಲ್ಲ ಆಂಟಿ?" ಎಂದಳು ಹುಡುಗಿ.

"ಗೊತ್ತಿರಬೇಕು ಅಂತೇನಿಲ್ಲ ಮರಿ. ಬಂದವರಿಗೆಲ್ಲ ಅವನೇ ಹಾಕೋದು."

"ಗೊತ್ತಿರೋರು ಹಾಕಬಾರದಾ?"

"ಹಾಕಬಾರದು ಅಂತ ಏನಿದೆ? ಹಾಕಬಹುದು."

"ಹಾಗಾದ್ರೆ ಅಪ್ಪ ಹಾಕಲಿ."

ಕನ್ನಡಕದಂಗಡಿಯವನು ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿಕೊಂಡು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನೋಟರಿಯಮ್ಮ ಪತ್ರವನ್ನು ನಿಧಾನವಾಗಿ ತಿರುಗಿಸಿ ಅವನ ಮುಂದಿಟ್ಟು, ಎಲ್ಲಕ್ಕಿಂತ ಕೆಳಗಿನ ಖಾಲಿ ಸಾಲನ್ನು ಬೆರಳಿನಿಂದ ತೋರಿಸಿದರು. ಅವನು ಮತ್ತೆ ಪೆನ್ನಿನ ಮುಚ್ಚಳ ತೆಗೆದ. ಗಾಜಿನ ಅಂಚು ತಿಕ್ಕುವಾಗಿನಷ್ಟೇ ಜೋಪಾನವಾಗಿ ಆ ಸಾಲಿನಲ್ಲಿ ತನ್ನ ಹೆಸರು ಬರೆದ.

"ಸಾಕ್ಷಿ ಅಂದಮೇಲೆ ಒಂದು ಪ್ರಶ್ನೆ ಕೇಳಲೇಬೇಕು," ಎಂದು ನೋಟರಿಯಮ್ಮ ತಮ್ಮ ರಿಜಿಸ್ಟರ್ ತೆರೆದರು. "ಈ ಹುಡುಗಿ ನಿಮಗೆ ಯಾವಾಗಿಂದ ಗೊತ್ತು?"

"ಅದು... ಇವಳಿಗೆ ಎರಡೋ ಎರಡೂವರೆಯೋ..." ಎಂದು ಅವನು ಬೆರಳು ಮಡಿಸಿ ಎಣಿಸತೊಡಗಿದ.

"ಅಷ್ಟು ಕಷ್ಟ ಯಾಕಪ್ಪಾ?" ಎಂದು ಹುಡುಗಿ ಮೇಜಿಗೆ ಮೊಣಕೈ ಊರಿದಳು. "ಆಂಟಿ, ನಂಗೆ ನೆನಪು ಅಂತ ಶುರುವಾದಾಗಿಂದ. ಹಾಗೇ ಬರ್ಕೊಳ್ಳಿ."

ನೋಟರಿಯಮ್ಮ ತಲೆಯೆತ್ತಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಅದರ ಮೇಲೆ ಮೊಹರು ಒತ್ತಿದರು.